ಚಿಂದಿ ಸುಡುವ ಹೊತ್ತು

ಸಾತಿಬಲ್ದಿಯ ಹೆಂಡತಿ ಕಿಂಬತ್ ತೀರಿಕೊಂಡದ್ದು ಏಪ್ರಿಲಿನಲ್ಲಿ. ಬಿಷ್ಕೆಕ್‌ನ ಮನೆಗಳ ಒಲೆಗಳೆಲ್ಲ ಆರಿ, ಐದು ತಿಂಗಳಿಂದ ಊರಿನ ಮೇಲೆ ಕವುಚಿಕೊಂಡಿದ್ದ ಹೊಗೆ ಕರಗಿ, ದಕ್ಷಿಣದ ಹಿಮದ ಬೆಟ್ಟಗಳು ಮತ್ತೆ ಕಣ್ಣಿಗೆ ಬಿದ್ದ ವಾರ ಅದು. ಅವಳಿಗೆ ಐವತ್ತೇಳು. ಶ್ವಾಸಕೋಶದಲ್ಲಿ ಗಡ್ಡೆ. ಆಸ್ಪತ್ರೆಯ ವೈದ್ಯ ಬೇರೆ ಬೇರೆ ದಿನ ಮೂರು ಸಲ ಒಂದೇ ಪ್ರಶ್ನೆ ಕೇಳಿದ್ದ: "ಇವ್ರು ಸಿಗರೇಟು ಸೇದ್ತಿದ್ರಾ?" ಮೂರು ಸಲವೂ ಸಾತಿಬಲ್ದಿ ಇಲ್ಲವೆಂದಿದ್ದ. ಮೂರನೆಯ ಸಲ ವೈದ್ಯ ಅವನ ಮುಖವನ್ನು ಅನುಮಾನದಿಂದ ನೋಡಿ, ಏನೋ ಗೀಚಿಕೊಂಡು ಹೋದ.

ಅಂಗಳದಲ್ಲಿ ಉಣ್ಣೆಗಂಬಳಿಯ ಗುಡಾರ ಹೂಡಿ ಒಳಗೆ ಅವಳನ್ನು ಮಲಗಿಸಿದರು. ಹೆಂಗಸರು ಒಳಗೆ ಕೂತು ಹಾಡಿ ಅತ್ತರು. ಗಂಡಸರು ಹೊರಗೆ ಕೋಲೂರಿ ನಿಂತು, ಬಂದವರು ಕಂಡಾಗಲೆಲ್ಲ ದನಿಯೆತ್ತಿ ಗೋಳಿಡಬೇಕು. ಸತ್ತವರಿಗೆ ಸಲ್ಲಬೇಕಾದ ಮರ್ಯಾದೆ. ಸಾತಿಬಲ್ದಿ ಎಲ್ಲರಂತೆ ಕೋಲೂರಿ ನಿಂತ, ಬಾಯಿ ತೆರೆದ. ದನಿ ಹೊರಡಲಿಲ್ಲ. ಪಕ್ಕದಲ್ಲಿದ್ದ ಕಿಂಬತಳ ಅಣ್ಣ ಮೊಣಕೈಯಿಂದ ತಿವಿದ. ಮತ್ತೆ ಬಾಯಿ ತೆರೆದ. ಬರಿಯ ಉಸಿರು ಬಂತು. "ಮೂವತ್ನಾಲ್ಕು ವರ್ಷ ಬಾಳ್ವೆ ಮಾಡ್ದೋನು. ಕಲ್ಲು ಕಣ್ರೀ," ಎಂದು ಜನ ಆಡಿಕೊಂಡರು. ಅವನಿಗೂ ಹಾಗೇ ಅನ್ನಿಸಿತು. ಎಂಟನೆಯ ದಿನ ಕೆಲಸಕ್ಕೆ ಹೋದ.

ಕೆಲಸವೆಂದರೆ ಹಬೆಮನೆಯ ಬೆಂಕಿ ನೋಡಿಕೊಳ್ಳುವುದು. ಊರಿನ ಉತ್ತರದಂಚಿನ ಆ ಬಡಾವಣೆಯಲ್ಲಿ ಮನೆಗೊಂದು ಕಲ್ಲಿದ್ದಲ ಒಲೆಯಿತ್ತೇ ಹೊರತು ಮನೆಗೊಂದು ಬಚ್ಚಲಿರಲಿಲ್ಲ. ಜನ ವಾರಕ್ಕೊಮ್ಮೆ ಸಾಬೂನು, ಟವೆಲು, ಬೆನ್ನಿಗೆ ಬಡಿದುಕೊಳ್ಳಲು ಒಣಗಿದೆಲೆಯ ಕಟ್ಟು ಹಿಡಿದು ಕುಬಾತ್ ಎಂಬವನ ಹಬೆಮನೆಗೆ ಬರುತ್ತಿದ್ದರು. ಬೆಳಗಿನ ಐದಕ್ಕೆ ಬೆಂಕಿ ಹೊತ್ತಿಸಿದರೆ ಏಳಕ್ಕೆ ಕಲ್ಲು ಕಾದು ಹಬೆ ಏಳುತ್ತಿತ್ತು. ಹೊತ್ತಿಸುವುದಕ್ಕಷ್ಟೇ ಕಲ್ಲಿದ್ದಲು, ಆಮೇಲೆ ದಿನವಿಡೀ ಚಿಂದಿ. ಸುತ್ತಮುತ್ತಲ ಹೊಲಿಗೆ ಕಾರ್ಖಾನೆಗಳಲ್ಲಿ ಕತ್ತರಿಸಿ ಉಳಿದ ಪಾಲಿಯೆಸ್ಟರ್ ಚೂರು, ನೈಲಾನ್ ಅಸ್ತರು, ಮುರಿದ ಜಿಪ್ಪು, ಎಲ್ಲ ಮೂಟೆಗಟ್ಟಲೆ ಬಂದು ಬೀಳುತ್ತಿತ್ತು. ಅದು ಉರಿಯುವುದಕ್ಕಿಂತ ಕರಗಿ ಕುದಿಯುವುದೇ ಹೆಚ್ಚು. ಚಿಮಣಿಯಿಂದ ಡಾಂಬರಿನಂಥ ಹೊಗೆ ಏಳುತ್ತಿತ್ತು. ಗಾಳಿಯಾಡದ ಚಳಿಗಾಲದ ಬೆಳಗಿನಲ್ಲಿ ಮೇಲಕ್ಕೇರಲಾರದೆ ಪಕ್ಕದ ಗೋಡೆಯಾಚೆ ಜಾರುತ್ತಿತ್ತು. ಗೋಡೆಯಾಚೆ ಶಿಶುವಿಹಾರ. ಅಲ್ಲಿ ಹತ್ತೊಂಬತ್ತು ವರ್ಷ ಮಕ್ಕಳಿಗೆ ಗಂಜಿ ಬೇಯಿಸಿದವಳು ಕಿಂಬತ್.

ಇದನ್ನೆಲ್ಲ ಒಂದಕ್ಕೊಂದು ಜೋಡಿಸಿ ಅವನು ಯೋಚಿಸಿರಲಿಲ್ಲ. ಯೋಚನೆಯೇ ನಿಂತುಹೋಗಿತ್ತು ಅನ್ನಬೇಕು. ಮನೆಗೆ ಬಂದು ಕೋಟು ಕಳಚದೆ ಕೂರುತ್ತಿದ್ದ. ಚಹಾ ಆರಿದ ಮೇಲೆ ಕುಡಿಯುತ್ತಿದ್ದ. ಮಕ್ಕಳಿರಲಿಲ್ಲ, ಹಾಗಾಗಿ ಎದ್ದು ಒಂದು ಮಾತಾಡಬೇಕಾದ ಕಾರಣವೂ ಇರಲಿಲ್ಲ. ನವೆಂಬರಿನ ಒಂದು ದಿನ ಬೆಂಕಿಗೂಡಿನ ಬಾಗಿಲಿಗೆ ಅವನ ಮುಂಗೈ ತಗುಲಿತು. ನೋವಿನಿಂದ ಅವನಿಗೆ ಅದು ತಿಳಿಯಲಿಲ್ಲ. ಚರ್ಮ ಸುಟ್ಟ ವಾಸನೆ ಮೂಗಿಗೆ ಬಡಿದಾಗ ತಿಳಿಯಿತು.

ಮಾರನೆಯ ದಿನ ಗಾಯ ಅಂಗಿಗೆ ಅಂಟಿಕೊಂಡದ್ದರಿಂದ ಪಕ್ಕದ ಶಿಶುವಿಹಾರದ ನರ್ಸ್ ಹತ್ತಿರ ಹೋದ. ಅವಳ ಹೆಸರು ಉಲ್‌ಬೋಸುನ್, 'ಮುಂದಿನದು ಗಂಡಾಗಲಿ' ಎಂದು ಅದರರ್ಥ. ನಾಲ್ಕನೆಯ ಮಗಳಿಗೆ ಬೇಸತ್ತ ಅಪ್ಪ ಇಟ್ಟದ್ದು. ಮೂವತ್ತು ದಾಟದ ಹೆಂಗಸು, ನಾಲಿಗೆ ಮಾತ್ರ ಅರವತ್ತರದ್ದು.

"ಯಾವಾಗ ಸುಟ್ಟಿದ್ದು?"

"ನಿನ್ನೆ ಇರ್ಬೇಕು."

"ಇರ್ಬೇಕಾ? ನಿಮ್ಮ ಕೈ ತಾನೇ ಇದು, ಪಕ್ಕದ್ಮನೆಯವರ ಹತ್ರ ಸಾಲ ತಂದಿದ್ದಲ್ವಲ್ಲ?"

ಅವಳು ಬಟ್ಟೆ ಸುತ್ತುತ್ತಿದ್ದಾಗ ಅವನು ಗೋಡೆಯ ಮೇಲಿನ ಬಿಳಿ ಡಬ್ಬಿಯತ್ತ ನೋಡುತ್ತಿದ್ದ. ಅದರ ಮೇಲೆ ಕೆಂಪು ಅಂಕಿ: 286.

"ಅದು ಧೂಳಿನ ಮೀಟರು," ಎಂದಳು ಉಲ್‌ಬೋಸುನ್. "ಕಣ್ಣಿಗೆ ಕಾಣೋ ಧೂಳಲ್ಲ, ಹೊಗೇಲಿರೋ ಸಣ್ಣದು. ಕೂದಲನ್ನ ಮೂವತ್ತು ಸೀಳು ಮಾಡಿದ್ರೆ ಒಂದು ಸೀಳು ಎಷ್ಟಿರುತ್ತೋ ಅಷ್ಟೇ. ಮೂಗಿನ ಕೂದಲೂ ತಡೆಯಲ್ಲ, ಕೆಮ್ಮಿದ್ರೂ ಬರಲ್ಲ. ಶ್ವಾಸಕೋಶದ ತಳಕ್ಕಿಳಿದು ಅಲ್ಲಿಂದ ರಕ್ತಕ್ಕೆ ಹೋಗುತ್ತೆ. ಆ ಅಂಕಿ ದಿನದ ಸರಾಸರಿ ಹದಿನೈದರೊಳಗಿರ್ಬೇಕು ಅಂತಾರೆ."

ಅವನು ಬಸ್ಸಿನ ನಂಬರು ಓದುವವನಂತೆ ಮತ್ತೊಮ್ಮೆ ಅಂಕಿ ಓದಿದ.

"ಅಣ್ಣ, ಒಂದು ಕೇಳ್ಲಾ? ಅರ್ಜಿಗೆ ಸಹಿ ಕೇಳಲ್ಲ, ಹೆದರ್ಬೇಡಿ. ನೀವು ಕಲ್ಲಿದ್ದಲು ಹಾಕಿದ ಹೊತ್ತು, ಚಿಂದಿ ಹಾಕಿದ ಹೊತ್ತು, ಎರಡನ್ನೂ ಈ ಪುಸ್ತಕದಲ್ಲಿ ಬರೀಬೇಕು. ಅಷ್ಟೇ. ಈ ಊರಲ್ಲಿ ಎಲ್ಲರ ಮನೆಯಿಂದ್ಲೂ ಹೊಗೆ ಬರುತ್ತೆ. ನಮ್ಮ ಮಕ್ಕಳ ಮೂಗಿಗೆ ಹೋಗೋದ್ರಲ್ಲಿ ಯಾವುದು ಎಲ್ಲಿಂದ ಅಂತ ಗೊತ್ತಾಗ್ಬೇಕಲ್ಲ."

"ಕುಬಾತ್‌ಗೆ ಗೊತ್ತಾಗುತ್ತೆ."

"ನಾನಂತೂ ಹೇಳಲ್ಲ."

"ಆದ್ರೂ ಗೊತ್ತಾಗುತ್ತೆ."

"ಆಗೇನ್ಮಾಡ್ತೀರಿ?"

"ಆಗ ಗೊತ್ತಾಗಿರುತ್ತೆ," ಎಂದು ಸಾತಿಬಲ್ದಿ ಪುಸ್ತಕ ತೆಗೆದುಕೊಂಡ.

ಅದರಲ್ಲಿ ಧೈರ್ಯವೇನೂ ಇರಲಿಲ್ಲ. ಬೇಡವೆನ್ನುವುದಕ್ಕೂ ಒಂದಿಷ್ಟು ಮನಸ್ಸು ಬೇಕಾಗುತ್ತದೆ. ಅಷ್ಟು ಅವನಲ್ಲಿರಲಿಲ್ಲ. ಐದು ಗಂಟೆ, ಕಲ್ಲಿದ್ದಲು. ಏಳೂ ಇಪ್ಪತ್ತು, ಚಿಂದಿ, ಎರಡು ಮೂಟೆ. ಎಂಟೂ ಕಾಲು, ಚಿಂದಿ. ಮಸಿಗೈಯಲ್ಲಿ ಬರೆದು ಬರೆದು ಪುಟದ ಅಂಚುಗಳು ಕಪ್ಪಾದವು. ಮೂರು ವಾರ ಒಂದು ಹೊತ್ತೂ ಬಿಡದೆ ಬರೆದ.

ಉಲ್‌ಬೋಸುನ್ ಮೀಟರಿನ ಅಂಕಿಗಳನ್ನೂ ಅವನ ಹೊತ್ತುಗಳನ್ನೂ ಒಂದೇ ಹಾಳೆಯಲ್ಲಿ ಗೆರೆ ಎಳೆದು ತೋರಿಸಿದಳು. ಊರಿನ ಹೊಗೆ ದಿನವಿಡೀ ಒಂದು ದಿಣ್ಣೆಯಂತೆ ಹಬ್ಬಿತ್ತು. ಆ ದಿಣ್ಣೆಯ ಮೇಲೆ ಅಲ್ಲಲ್ಲಿ ಮೊಳೆ ಹೊಡೆದಂತೆ ಚೂಪಾದ ಏರು. ಪ್ರತಿ ಏರೂ ಅವನು 'ಚಿಂದಿ' ಎಂದು ಬರೆದ ಕಾಲು ಗಂಟೆಯ ಮೇಲೆ ಎದ್ದಿತ್ತು. ಎಲ್ಲಕ್ಕಿಂತ ಎತ್ತರದ್ದು ತಾಯಂದಿರು ಮಕ್ಕಳನ್ನು ಕರೆತರುವ ಬೆಳಗಿನ ಹೊತ್ತಿನದು.

"ಇದೆಲ್ಲಾ ನಾನಾ?"

"ಇದು ಹೊಗೆ. ನೀವು ಅಂತ ಯಾರು ಹೇಳಿದ್ರು?"

"ಹೊಗೆ ತಾನಾಗೇ ಎದ್ದು ಬರಲ್ವಲ್ಲಮ್ಮ."

ಅವನು ಬೆಳಗಿನ ಆ ಮೊಳೆಯ ಮೇಲೆ ಬೆರಳಿಟ್ಟ. "ಕಿಂಬತ್ ಏಳಕ್ಕೆ ಬಂದು ಅಡುಗೆಮನೆ ತೆಗೀತಿದ್ಲು. ಹಬೆ ಹೋಗ್ಲಿ ಅಂತ ಕಿಟಕಿ ತೆಗೆದಿಡ್ತಿದ್ಲು. ಕಿಟಕಿ ಹಬೆಮನೆ ಕಡೆಗಿದೆ."

ಉಲ್‌ಬೋಸುನಳ ನಾಲಿಗೆ ಆ ದಿನ ಹುಷಾರಾಗಿತ್ತು. "ಅಣ್ಣ, ನಾನು ಸುಳ್ಳು ಹೇಳಲ್ಲ. ಸಾವಿರ ಜನ ಇದನ್ನ ಕುಡಿದ್ರೆ ಅದ್ರಲ್ಲಿ ಇಷ್ಟು ಜನಕ್ಕೆ ಕಾಯಿಲೆ ಬರುತ್ತೆ ಅಂತ ಹೇಳ್ಬಹುದು. ಒಬ್ಬರನ್ನ ತೋರಿಸಿ, ಇವರಿಗೆ ಇದರಿಂದ್ಲೇ ಬಂತು ಅಂತ ಯಾರಿಗೂ ಹೇಳೋಕಾಗಲ್ಲ. ನಿಮ್ಮ ಮನೆ ಒಲೆ ಇರ್ಬಹುದು, ರಸ್ತೆ ಇರ್ಬಹುದು, ಏನೂ ಇಲ್ದೆ ಬಂದಿರ್ಬಹುದು."

"ಹೌದು," ಎಂದು ಅವನು ಹಾಳೆ ಹಿಂತಿರುಗಿಸಿದ. ಏನಾದರೂ ಅನ್ನಿಸಬೇಕಿತ್ತು ಎಂದು ಅವನಿಗೆ ಗೊತ್ತಿತ್ತು. ಅನ್ನಿಸಲಿಲ್ಲ. ಗೋಡೆ ಬಳಸಿ ಹಬೆಮನೆಗೆ ಹಿಂತಿರುಗಿ, ಹನ್ನೊಂದು ಗಂಟೆಯ ಮೂಟೆ ಬೆಂಕಿಗೂಡಿಗೆ ತಳ್ಳಿದ. ಹೊತ್ತು ಬರೆದ.

ಡಿಸೆಂಬರಿನ ಎರಡನೆಯ ಗುರುವಾರ ಸಂಜೆ ಶಿಶುವಿಹಾರದಲ್ಲಿ ತಂದೆತಾಯಿಯರ ಸಭೆ ಸೇರಿತು, ಹಬೆಮನೆಯವರನ್ನೂ ಕರೆದಿದ್ದರು. ದೊಡ್ಡವರೆಲ್ಲ ಮಂಡಿ ಎದೆಗೆ ತಾಗುವಂತೆ ಮಕ್ಕಳ ಪುಟ್ಟ ಕುರ್ಚಿಗಳಲ್ಲಿ ಕೂತಿದ್ದರು. ಕುಬಾತ್ ಯಾವ ಕುರ್ಚಿಯಲ್ಲೂ ಹಿಡಿಸದೆ ಬಾಗಿಲಿಗೊರಗಿ ನಿಂತಿದ್ದ. ನಗುಮುಖದ ಭಾರಿ ಆಳು. ಜಗಳವನ್ನೂ ನಗುತ್ತಲೇ ಆಡುತ್ತಿದ್ದ.

"ನನ್ನ ಚಿಮಣಿ ಹೊಗೆ ಕಪ್ಪು, ಒಪ್ಪಿದೆ," ಎಂದ. "ನಿಮ್ಮ ಒಲೇಲಿ ಏನು ಉರಿಯುತ್ತೆ, ಗುಲಾಬಿ ಹೂವಾ? ಈ ಊರು ಬೆಟ್ಟದ ಬುಡದಲ್ಲಿ ಬಾಣಲೆ ಥರ ಕೂತಿದೆ. ಮುಚ್ಚಳ ಹಾಕಿದವನು ನಾನೊಬ್ಬನೇನಾ? ನಾಳೆಯಿಂದ ಹಬೆಮನೆ ಮುಚ್ತೀನಿ. ವಾರ ಕಳೆದ್ಮೇಲೆ ಒಬ್ಬರ ಪಕ್ಕ ಒಬ್ಬರು ಮೂಗು ಮುಚ್ಕೊಳ್ದೆ ಕೂತ್ಕೊಳ್ಳಿ, ನೋಡೋಣ."

ಕೆಲವರು ನಕ್ಕರು. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಉಲ್‌ಬೋಸುನ್ ಹಾಳೆಯನ್ನು ಗೋಡೆಗೆ ಅಂಟಿಸಿ ಮೊಳೆಗಳನ್ನು ಒಂದೊಂದಾಗಿ ತೋರಿಸಿದಳು. ನಗು ನಿಂತಿತು.

"ಈ ಹೊತ್ತುಗಳು ಎಲ್ಲಿಂದ ಬಂದ್ವು?" ಎಂದ ಕುಬಾತ್. "ಯಾವನೋ ಗೋಡೆ ಹತ್ತಿ ಕಿಂಡೀಲಿ ನೋಡಿದ್ನಾ? ನಾನೂ ಮನೇಲಿ ಕೂತು ಇಂಥ ಗೆರೆ ಎಳೀಬಲ್ಲೆ."

ಉಲ್‌ಬೋಸುನ್ ಬಾಯಿ ಬಿಡಲಿಲ್ಲ. ಕೊನೆಯ ಸಾಲಿನಲ್ಲಿ ಒಂದು ಪುಟ್ಟ ಕುರ್ಚಿ ಕಿರುಗುಟ್ಟಿತು. ಸಾತಿಬಲ್ದಿ ಎದ್ದಿದ್ದ.

"ನಾನು ಬರೆದದ್ದು."

ಕುಬಾತ್ ನಗುವುದನ್ನು ಮರೆತ. "ನೀನಾ? ಹದಿನಾಲ್ಕು ವರ್ಷ ನನ್ನ ಹತ್ರ ಇದ್ದು, ಉಂಡ ಮನೆ ಜಂತೆ ಎಣಿಸ್ತೀಯೇನೋ?"

"ಹಾಕಿದ್ದೂ ನಾನೇ, ಬರೆದದ್ದೂ ನಾನೇ. ಅದ್ರಲ್ಲಿ ತಪ್ಪಿಲ್ಲ," ಎಂದು ಸಾತಿಬಲ್ದಿ ಮತ್ತೆ ಕೂತ. ಜನ ತಿರುಗಿ ತಿರುಗಿ ಅವನನ್ನು ನೋಡಿದರು. ಅವನು ಎದುರು ಗೋಡೆಯ ಮೇಲೆ ಮಕ್ಕಳು ಬಳಿದಿದ್ದ ಹಳದಿ ಒಂಟೆಯನ್ನು ನೋಡುತ್ತಿದ್ದ.

ಹೊರಗೆ ಕುಬಾತ್ ಅವನ ಕೊರಳಪಟ್ಟಿ ಹಿಡಿದ, ಆಮೇಲೆ ಏನೋ ನೆನಪಾಗಿ ಬಿಟ್ಟ. "ನಾಳೆ ಶುಕ್ರವಾರ. ಮಸೀದಿಗೆ ಹೋಗೋರೆಲ್ಲ ಬೆಳಿಗ್ಗೇನೇ ಮೀಯೋಕೆ ಬರ್ತಾರೆ. ಬೆಂಕಿ ಹಾಕು. ಸೋಮವಾರ ನಿನ್ನನ್ನ ವಿಚಾರಿಸ್ಕೋತೀನಿ."

ಶುಕ್ರವಾರ ಅವನು ಎಂದಿನಂತೆ ಹೋಗಿ ಕಲ್ಲಿದ್ದಲು ಹೊತ್ತಿಸಿದ. ಏಳೂವರೆಗೆಲ್ಲ ಗಂಡಸರು ಒಳಗೆ ತುಂಬಿದರು. ಏಳೂ ನಲವತ್ತಕ್ಕೆ ಕೆಂಡ ತಗ್ಗಿತು, ಚಿಂದಿಯ ಹೊತ್ತು. ರೂಢಿಯಂತೆ ಪುಸ್ತಕ ತೆಗೆದು ಮೊದಲು ಹೊತ್ತು ಬರೆದ. ಮುಂದಿನ ಮಾತು ಬರೆಯಲು ಪೆನ್ನು ಊರಿದ. ಪೆನ್ನು ಅಲ್ಲೇ ನಿಂತಿತು. ಬರೆಯಲಿಲ್ಲವಾದ್ದರಿಂದ ಮೂಟೆಯನ್ನೂ ಎತ್ತಲಿಲ್ಲ. ಅದರ ಮೇಲೇ ಕೂತುಕೊಂಡ. ಪ್ರತಿಭಟನೆ, ಪಶ್ಚಾತ್ತಾಪ ಎಂದೆಲ್ಲ ಆಮೇಲೆ ಜನ ಹೇಳಿದರು. ಅವನಿಗೆ ಗೊತ್ತಿದ್ದದ್ದು ಇಷ್ಟೇ: ಕೈ ಏಳಲಿಲ್ಲ.

ಸ್ವಲ್ಪ ಹೊತ್ತಿಗೆ ಒಳಗಿನ ಹಬೆಕೋಣೆಯಿಂದ ಬಕೆಟ್ಟು ಬಡಿಯುವ ಸದ್ದು ಶುರುವಾಯಿತು.

"ಸಾತಿಬಲ್ದಿ, ಬದುಕಿದ್ಯೋ ಸತ್ತ್ಯೋ? ನೀರು ಹಿಮ ಆಗ್ತಿದೆ."

"ತಲೇಲಿ ಸೋಪಿದೆ ಮಾರಾಯ. ಕಣ್ಣು ಬಿಡೋಕಾಗ್ತಿಲ್ಲ."

"ಕಣ್ಣು ಬಿಡ್ಬೇಡ. ನಿನ್ನ ಮುಂದೆ ನಾನು ನಿಂತಿದ್ದೀನಿ," ಎಂದಿತು ಇನ್ನೊಂದು ದನಿ. ನಗೆ ಎದ್ದಿತು.

ಕುಬಾತ್ ಓಡಿ ಬಂದ. "ಚಿಂದಿ ಹಾಕು."

"ಹಾಕಲ್ಲ."

"ಏಳೋ ಮೇಲೆ."

ಸಾತಿಬಲ್ದಿ ಎದ್ದು ಪಕ್ಕಕ್ಕೆ ಸರಿದ. ಕುಬಾತ್ ತಾನೇ ಮೂಟೆ ಹರಿದು ಒಂದಾದ ಮೇಲೊಂದರಂತೆ ಮೂರು ಮೂಟೆ ಒಳಕ್ಕೆ ತುರುಕಿದ. ಚಿಮಣಿಯ ಗಾಳಿಕಿಂಡಿ ಕೆಂಡ ಉಳಿಸಲೆಂದು ಮುಕ್ಕಾಲು ಮುಚ್ಚಿತ್ತು.

"ಕಿಂಡಿ ತೆಗಿ," ಎಂದ ಸಾತಿಬಲ್ದಿ.

"ನೀನು ನಂಗೆ ಹೇಳ್ಕೊಡ್ಬೇಡ," ಎಂದ ಕುಬಾತ್, ಕಬ್ಬಿಣದ ಹಿಡಿಯನ್ನು ತಪ್ಪು ಕಡೆಗೆ ಎಳೆದ. ಕಿಂಡಿ ಪೂರ್ತಿ ಮುಚ್ಚಿಕೊಂಡಿತು. ಕರಗಿದ ನೈಲಾನಿನ ಹೊಗೆಗೆ ಮೇಲೆ ದಾರಿಯಿರಲಿಲ್ಲ. ಅದು ಕಾದ ಕಲ್ಲುಗಳ ಸಂದಿಯಿಂದ ಹಬೆಕೋಣೆಗೆ ನುಗ್ಗಿತು.

ಬಾಗಿಲು ಒಡೆದುಕೊಂಡಂತೆ ಗಂಡಸರು ಹೊರಬಿದ್ದರು. ಟವೆಲು ಸುತ್ತಿದವರು, ಬಕೆಟ್ಟು ಮರೆಮಾಡಿಕೊಂಡವರು, ಏನೂ ಇಲ್ಲದವರು, ಮೈಯೆಲ್ಲ ನೊರೆ, ಬರಿಗಾಲಲ್ಲಿ ಹಿಮದ ಮೇಲೆ. ಸಾತಿಬಲ್ದಿ ಹಿಡಿಯನ್ನು ಇತ್ತ ಎಳೆದು ಕಿಂಡಿ ತೆಗೆದ, ಒದ್ದೆ ಚೀಲ ಮೂಗಿಗೆ ಕಟ್ಟಿ ಒಳಹೊಕ್ಕ. ಮೆಟ್ಟಿಲ ಮೇಲೆ ಎಂಬತ್ತರ ಒಬ್ಬ ಮುದುಕ ದಿಕ್ಕು ತಪ್ಪಿ ಕೂತಿದ್ದ. ಅವನ ಕೈ ಹಿಡಿದು ಎಳೆತಂದ. ಹೆದರಿಕೆಯಾಗಲಿಲ್ಲ. ಹೆದರಿಕೆಯಾಗಲಿಲ್ಲವೆಂಬುದನ್ನು ದೂರದಿಂದ ಗಮನಿಸಿದ.

ಎಲ್ಲರೂ ಗೋಡೆ ಹಿಡಿದು ಬಗ್ಗಿ ಕೆಮ್ಮುತ್ತಿದ್ದರು. ಗೋಡೆಯಾಚೆ, ಶಿಶುವಿಹಾರದ ಕಿಟಕಿಗಳಲ್ಲಿ ಮಕ್ಕಳ ಮುಖಗಳು ಸಾಲುಗಟ್ಟಿದವು. ಟವೆಲು ಸುತ್ತಿದ್ದ ಒಬ್ಬನನ್ನು ಕಂಡು ಒಂದು ಹುಡುಗಿ "ಅಪ್ಪ, ನಿನ್ನ ಮೂಗು ಕಪ್ಪು," ಎಂದು ಗಾಜು ತಟ್ಟಿದಳು. ಅವನು ಮೂಗು ಒರೆಸಿಕೊಂಡು ಕೈ ನೋಡಿದ. ಆಮೇಲೆ ಚಿಮಣಿ ನೋಡಿದ, ಬಹಳ ಹೊತ್ತು. ಅವನು ಹಿಂದಿನ ಸಂಜೆ ಕುಬಾತ್‌ನ ಮಾತಿಗೆ ಎಲ್ಲರಿಗಿಂತ ಜೋರಾಗಿ ನಕ್ಕವನು.

ಕುಬಾತ್ ನಾಲ್ಕು ದಿನ ಹಾಸಿಗೆ ಹಿಡಿದ. ಎದ್ದವನೇ ಎರಡು ಬೀದಿ ಆಚೆಗಿದ್ದ ಗ್ಯಾಸಿನ ಕೊಳವೆಯನ್ನು ತನ್ನ ಅಂಗಳಕ್ಕೆ ಎಳೆಸಲು ಅರ್ಜಿ ಕೊಟ್ಟ. ತಂದೆತಾಯಿಯರು ಸಹಿ ಹಾಕಿದ ದೂರು ನಗರದ ಕಚೇರಿ ತಲುಪಿತ್ತು, ಅದಕ್ಕೋ; ತನ್ನ ಎದೆಯಿಂದ ನಾಲ್ಕು ದಿನ ಕಪ್ಪು ಕಫ ಬಂದದ್ದಕ್ಕೋ, ಅವನೇ ಬಲ್ಲ. ಸಾತಿಬಲ್ದಿಯ ಮನೆಗೆ ತಾನೇ ಬಂದ.

"ಗ್ಯಾಸು ಹಾಕಿಸ್ತಿದ್ದೀನಿ. ಇನ್ನು ನಿಂಗೆ ಅಲ್ಲಿ ಕೆಲಸ ಇಲ್ಲ."

"ಸರಿ."

"ಸರಿ ಅಂದ್ರೆ? ಬೈಯಲ್ವಾ?"

"ಇಲ್ಲ."

"ನಿನ್ನ ಹತ್ರ ಜಗಳಾನೂ ಆಡೋಕಾಗಲ್ವಲ್ಲೋ," ಎಂದು ಕುಬಾತ್ ಹೊಸ್ತಿಲಲ್ಲಿ ನಿಂತು ಟೋಪಿ ತಿರುವುತ್ತಿದ್ದ. ಹೋಗುವಾಗ ಮೆಲ್ಲಗೆ ಹೇಳಿದ, "ಕಿಂಬತಕ್ಕ ಮಾಡ್ತಿದ್ದ ಗಂಜಿ ನನ್ನ ಇಬ್ಬರು ಮಕ್ಕಳೂ ತಿಂದಿದ್ದಾರೆ."

ಹೊಸ ವರ್ಷ ಕಳೆದ ಮೇಲೆ ಹಬೆಮನೆ ಮತ್ತೆ ತೆರೆಯಿತು. ಗ್ಯಾಸಿನ ಹಬೆಗೆ ರುಚಿಯಿಲ್ಲ ಎಂದು ಮುದುಕರು ಗೊಣಗಿದರು. ಕೆಲವರು ಸಾತಿಬಲ್ದಿಯನ್ನು ಕಂಡು ಸಲಾಂ ಹೇಳುವುದನ್ನು ಬಿಟ್ಟರು. ಉಲ್‌ಬೋಸುನ್ ಹೊಸ ಹಾಳೆ ತಂದು ತೋರಿಸಿದಳು. ಮೊಳೆಗಳು ಮಾಯವಾಗಿದ್ದವು. ದಿಣ್ಣೆ ಹಾಗೇ ಇತ್ತು.

"ಇದು?" ಎಂದ, ದಿಣ್ಣೆಯ ಮೇಲೆ ಕೈಯಾಡಿಸಿ.

"ಇದು ಕುಬಾತ್ ಹೇಳಿದ್ದು. ನಾವೆಲ್ಲ. ನಿಮ್ಮ ಒಲೆ, ನಮ್ಮಮ್ಮನ ಒಲೆ."

ಅವಳು ಎಲ್ಲಿಂದಲೋ ಒಂದು ಕಾಗದ ತಂದಿದ್ದಳು. ಬೆಂಕಿಯನ್ನು ಕೆಳಗಿನಿಂದ ಹೊತ್ತಿಸದೆ ಮೇಲಿನಿಂದ ಹೊತ್ತಿಸಿದರೆ ಹೊಗೆ ಬಹಳ ಕಡಿಮೆಯಾಗುತ್ತದೆ ಎಂದು ಅದರಲ್ಲಿ ಚಿತ್ರ ಸಹಿತ ಬರೆದಿತ್ತು. ನಲವತ್ತು ವರ್ಷ, ಮೊದಲು ಸಕ್ಕರೆ ಕಾರ್ಖಾನೆಯಲ್ಲಿ, ಆಮೇಲೆ ಇಲ್ಲಿ, ಬೆಂಕಿಯ ಬಾಯಿಗೆ ಉಣಿಸಿದ ಸಾತಿಬಲ್ದಿ ಆ ಚಿತ್ರವನ್ನು ತಲೆಕೆಳಗು ಮಾಡಿ ನೋಡಿದ. ಮನೆಗೆ ಹೋಗಿ ತನ್ನ ಒಲೆಯಲ್ಲೇ ಮಾಡಿದ. ಕಲ್ಲಿದ್ದಲು ಕೆಳಗೆ, ಪುಳ್ಳೆ ಮೇಲೆ, ಕಡ್ಡಿ ಗೀರಿ ಬಾಗಿಲು ಮುಚ್ಚಿ ಅಂಗಳಕ್ಕೆ ಬಂದ. ಚಿಮಣಿಯಿಂದ ಒಂದೆಳೆ ಬಿಳಿ ಬಂತು, ಅದೂ ನಿಂತಿತು. ಕಲ್ಲಿದ್ದಲಿನಿಂದ ಏಳುವ ಹೊಗೆ ಮೇಲಿನ ಜ್ವಾಲೆಯನ್ನು ದಾಟಿಯೇ ಹೋಗಬೇಕು, ಅಲ್ಲೇ ಸುಟ್ಟುಹೋಗುತ್ತದೆ. ಇಷ್ಟು ಸಣ್ಣ ವಿಷಯ ಇಷ್ಟು ವರ್ಷ ಯಾಕೆ ತಿಳಿಯಲಿಲ್ಲ ಎಂದು ಅವನು ಅಂಗಳದಲ್ಲಿ ಕಾಲು ಮರಗಟ್ಟುವ ತನಕ ನಿಂತಿದ್ದ.

ಮಾರನೆಯ ದಿನದಿಂದ ಮನೆಮನೆಗೆ ಹೋಗತೊಡಗಿದ. ಹೋಗೆಂದು ಯಾರೂ ಹೇಳಿರಲಿಲ್ಲ. ಕೆಲವರು ಒಳಗೆ ಕರೆದರು, ಕೆಲವರು "ಹಬೆಮನೆ ಮುಗೀತು, ಈಗ ನಮ್ಮ ಒಲೆಗೆ ಬಂದ್ಯಾ?" ಎಂದರು. ಹನ್ನೊಂದನೆಯದು ಬುರ್ಮಾಕನ್ ಎಂಬ ಮುದುಕಿಯ ಮನೆ. ಒಬ್ಬಳೇ ಇದ್ದಳು, ಜೊತೆಗೆ ಎರಡು ಬೆಕ್ಕು.

"ಮೇಲಿಂದ ಬೆಂಕಿನಾ? ಟೋಪಿ ಇಟ್ಟಂಗೆ? ಆದಮನ ಕಾಲದಿಂದ ಯಾರೂ ಮಾಡಿಲ್ವಲ್ಲೋ."

"ನಾನೂ ಮಾಡಿರ್ಲಿಲ್ಲಜ್ಜಿ."

ಅವನು ಬೂದಿ ತೆಗೆದು, ಇದ್ದಲು ಜೋಡಿಸಿ, ಪುಳ್ಳೆಯನ್ನು ಅಡ್ಡಡ್ಡ ಇಟ್ಟು ಹೊತ್ತಿಸಿದ. ಮುದುಕಿಯನ್ನು ಅಂಗಳಕ್ಕೆ ಕರೆದು ಚಿಮಣಿ ತೋರಿಸಿದ.

"ಏನೂ ಬರ್ತಿಲ್ಲ. ಆರಿಸಿಬಿಟ್ಯಲ್ಲೋ ನನ್ನ ಬೆಂಕೀನ," ಎಂದು ಅವಳು ಒಳಗೆ ಓಡಿ ಒಲೆಯ ಬಾಗಿಲು ತೆರೆದಳು. ಒಲೆ ಭೋರೆಂದು ಉರಿಯುತ್ತಿತ್ತು. ಬಗ್ಗಿ, ಬೆಕ್ಕುಗಳ ಜೊತೆಗೆ, ಅದನ್ನೇ ನೋಡುತ್ತ ಕೂತಳು. ಆಮೇಲೆ ಚಹಾ ಬಗ್ಗಿಸಿ, ಎಣ್ಣೆಯಲ್ಲಿ ಕರಿದ ಹಿಟ್ಟಿನ ಉಂಡೆಗಳನ್ನು ಮುಂದಿಟ್ಟಳು.

"ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಹೀಗೆ ಸುತ್ತಿದ್ರೆ ಎದೆ ಭಾರ ಇಳಿಯುತ್ತಾ?"

ಅವನು ಯೋಚಿಸಿದ. "ಇಲ್ಲಜ್ಜಿ."

"ಮತ್ತ್ಯಾಕೆ?"

"ಬೆಳಗಾಗುತ್ತೆ, ಏಳ್ತೀನಿ. ನಂಗೆ ಗೊತ್ತಿರೋದು ಬೆಂಕಿ ಒಂದೇ."

ಮುದುಕಿ ತಲೆಯಾಡಿಸಿದಳು. ತಟ್ಟೆಯನ್ನು ಅವನತ್ತ ಇನ್ನಷ್ಟು ಸರಿಸಿದಳು. ಅವನು ಮೂರು ಉಂಡೆ ತಿಂದ, ಸ್ವಲ್ಪ ತಡೆದು ನಾಲ್ಕನೆಯದನ್ನೂ ತೆಗೆದುಕೊಂಡ. ಎದ್ದು, ನಾಳೆಗೆ ಪುಳ್ಳೆಯನ್ನು ಎಷ್ಟು ಸಣ್ಣಗೆ ಸೀಳಬೇಕೆಂದು ತೋರಿಸಿ ಹೊರಟ.

ಹನ್ನೆರಡನೆಯ ಮನೆಯವರು ಪರದೆ ಸರಿಸಿ ನೋಡಿದರು, ಬಾಗಿಲು ತೆಗೆಯಲಿಲ್ಲ. ಚಿಮಣಿಯಿಂದ ಹಳದಿ ಹೊಗೆ ಮಾಡಿನ ಮೇಲೆ ಹೊರಳಿ ಅಂಗಳಕ್ಕಿಳಿಯುತ್ತಿತ್ತು. ಸಾತಿಬಲ್ದಿ ಸ್ವಲ್ಪ ಹೊತ್ತು ಕಾದ. ಆಮೇಲೆ, "ನಾಳೆ ಬರ್ತೀನಿ," ಎಂದು ಬಾಗಿಲಿಗೆ ಹೇಳಿ, ಮುಂದಿನ ಮನೆಯ ಕಡೆಗೆ ನಡೆದ.